ಬಾಗಿಲು ತೆರೆಯದ ದಿನದ ಮುದ್ರೆ

ನಮ್ಮ ಸೋದರತ್ತೆಯನ್ನು ಮನೆಯಲ್ಲಿ ಎಲ್ಲರೂ ಠಸ್ಸೆಯತ್ತೆ ಅಂತಲೇ ಕರೆಯುವುದು. ದೊಡ್ಡ ಅಂಚೆ ಕಚೇರಿಯ ಹಿಂದಿನ ಹಜಾರದಲ್ಲಿ ಮೂವತ್ತೊಂಬತ್ತು ವರ್ಷ ನಿಂತುಕೊಂಡು ಲಕೋಟೆಗಳ ಮೇಲೆ ತಾರೀಖಿನ ಠಸ್ಸೆ ಹೊಡೆದವಳು ಅವಳು. ಮದುವೆ ಆಗಲಿಲ್ಲ. ಯಾಕೆ ಅಂತ ಯಾರಾದರೂ ಕೇಳಿದರೆ, “ದಿನಕ್ಕೆ ಹತ್ತು ಸಾವಿರ ಸಲ ಕೈ ಎತ್ತೋಳನ್ನ ಕಟ್ಟಿಕೊಳ್ಳೋಕೆ ಯಾವ ಗಂಡಸಿಗೆ ಧೈರ್ಯ ಇದೆ?” ಅನ್ನುತ್ತಿದ್ದಳು.

ಚಿಕ್ಕವಳಿದ್ದಾಗ ಒಮ್ಮೆ ಅವಳ ಕೆಲಸ ನೋಡಿ ಬೆಪ್ಪಾಗಿ ನಿಂತಿದ್ದೆ. ಸೊಂಟದೆತ್ತರದ ಉದ್ದ ಮೇಜು, ಅದರ ಮೇಲೆ ದಪ್ಪ ರಬ್ಬರಿನ ಹಾಸು, ಬಲಗಡೆ ಶಾಯಿಯ ಪ್ಯಾಡು. ಎಡಗೈ ಲಕೋಟೆ ತಳ್ಳುತ್ತಿತ್ತು. ಬಲಗೈ ಒಮ್ಮೆ ಪ್ಯಾಡಿಗೆ, ಒಮ್ಮೆ ಅಂಚೆ ಚೀಟಿಗೆ. ಠಪ್ ಠಪ್, ಠಪ್ ಠಪ್. ನಿಮಿಷಕ್ಕೆ ನಲವತ್ತು ಲಕೋಟೆ. ಕಣ್ಣು ಮಾತ್ರ ಹೊಡೆಯುವ ಲಕೋಟೆಯ ಮೇಲೆ ಇರುತ್ತಲೇ ಇರಲಿಲ್ಲ. ಮುಂದೆ ಬರುವುದರ ಚೀಟಿ ಯಾವ ಮೂಲೆಯಲ್ಲಿದೆ ಅಂತ ನೋಡುತ್ತಿತ್ತು. ಒಂದೇ ಒಂದು ಏಟು ಚೀಟಿ ಬಿಟ್ಟು ಆಚೆ ಬೀಳಲಿಲ್ಲ. ಮನೆಯಲ್ಲಿ ನಮ್ಮ ಬೆನ್ನು ತಟ್ಟಿ ಮಲಗಿಸುವಾಗಲೂ ಅವಳದು ಅದೇ ತಾಳ.

ಅವಳದ್ದೊಂದು ಪದ್ಧತಿ ಇತ್ತು. ಪ್ರತಿದಿನ ಬೆಳಿಗ್ಗೆ ಠಸ್ಸೆಯಲ್ಲಿ ಹಿಂದಿನ ದಿನದ ಅಂಕಿಯ ಅಚ್ಚುಮೊಳೆಯನ್ನು ಚಿಮಟದಿಂದ ತೆಗೆದು, ಹೊಸದು ಕೂರಿಸಿ, ಸ್ಕ್ರೂ ಬಿಗಿಮಾಡಿ, ಮೊದಲ ಏಟನ್ನು ಒಂದು ದಪ್ಪ ಪುಸ್ತಕದಲ್ಲಿ ಹೊಡೆಯಬೇಕು. ಪಕ್ಕದಲ್ಲಿ ಪೋಸ್ಟ್ ಮಾಸ್ಟರರ ಸಹಿ. ಇದು ಎಲ್ಲ ಅಂಚೆ ಕಚೇರಿಯಲ್ಲೂ ಇರುವ ನಿಯಮ. ಆದರೆ ಅತ್ತೆ ಅಷ್ಟಕ್ಕೇ ಬಿಡುತ್ತಿರಲಿಲ್ಲ. ಹೊಡೆದದ್ದನ್ನು ಮೂರು ಸಲ ಗಟ್ಟಿಯಾಗಿ ಓದಿ, ಗೋಡೆಯ ಕ್ಯಾಲೆಂಡರ್ ನೋಡಿ, ಸಾಲದ್ದಕ್ಕೆ ಪಕ್ಕದ ಮೇಜಿನವರನ್ನು ಕೇಳುತ್ತಿದ್ದಳು: “ಇವತ್ತು ಎಷ್ಟನೇ ತಾರೀಖು?” ಅವರು, “ನಿನ್ನೆಯದಕ್ಕೆ ಒಂದು ಕೂಡಿಸಿ ತಾಯಿ” ಅಂತ ನಗುತ್ತಿದ್ದರು. ಅವಳು ನಗುತ್ತಿರಲಿಲ್ಲ. ನಿವೃತ್ತಿಯ ದಿನ ಒಂದೂ ದೋಷವಿಲ್ಲದ ಸೇವೆ ಅಂತ ಕಟ್ಟು ಹಾಕಿಸಿದ ಪ್ರಶಸ್ತಿಪತ್ರ ಕೊಟ್ಟರು. ನಾವು ಅದನ್ನು ಹಜಾರದಲ್ಲಿ ತೂಗುಹಾಕಿದೆವು. ಅವಳು ಅದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ದೊಡ್ಡವರ ವಿನಯ ಅಂತ ನಾನು ತಿಳಿದಿದ್ದೆ.

ನಮ್ಮ ದೇಶ ಸ್ವತಂತ್ರವಾದಾಗ ಅತ್ತೆಗೆ ಹತ್ತೊಂಬತ್ತು. ಹೊಸ ದೇಶಕ್ಕೆ ಸ್ವಂತ ಅಂಚೆ ಚೀಟಿ ಅಚ್ಚು ಹಾಕಿಸುವಷ್ಟು ಪುರುಸೊತ್ತು ಇರಲಿಲ್ಲ. ಹಳೆಯ ರಾಜನ ಮುಖದ ಮೇಲೇ ಕಪ್ಪು ಪಟ್ಟಿ ಎಳೆದು ಮೂರು ವರ್ಷ ಮಾರಿದರು. ಮೊದಮೊದಲು ರಾಜನ ಮೂಗಿನ ಮೇಲೆ ಹೊಡೆಯಲು ಅತ್ತೆಯ ಕೈ ನಡುಗುತ್ತಿತ್ತಂತೆ. ಆಗಿನ ಪಾಸ್‌ಪೋರ್ಟನ್ನು ಕೈಬರಹ ಚೆನ್ನಾಗಿದ್ದ ಒಬ್ಬ ಗುಮಾಸ್ತರು ಕೂತು ಬರೆಯುತ್ತಿದ್ದರು, ಫೋಟೋಗೆ ಅಂಟು ಹಚ್ಚುತ್ತಿದ್ದರು, ಒಣಗಲೆಂದು ಕಿಟಕಿಯಲ್ಲಿ ಸಾಲಾಗಿ ಇಡುತ್ತಿದ್ದರು. ಈಗ ನಾನು ಕೆಲಸ ಮಾಡುವ ಪಾಸ್‌ಪೋರ್ಟ್ ಕಚೇರಿಯಲ್ಲಿ ಯಂತ್ರವೇ ಮುಖವನ್ನು ಹಾಳೆಯೊಳಗೆ ಇಳಿಸುತ್ತದೆ, ಹೊದಿಕೆಯೊಳಗೆ ಅಕ್ಕಿಕಾಳಿನಷ್ಟು ಚಿಪ್ ಇರುತ್ತದೆ. ಅಂಗೈಯಗಲದ ಪುಸ್ತಕ. ಅದನ್ನು ಹಿಡಿದು ಹೋದರೆ ಕಂಡು ಕೇಳರಿಯದ ದೇಶದವರೂ ಬಾಗಿಲು ತೆಗೆದು ಒಳಗೆ ಬಿಡುತ್ತಾರೆ. ಹದಿನಾರು ವರ್ಷದಿಂದ ಕೊಡುತ್ತಿದ್ದೇನೆ, ಆ ಬೆರಗು ನನಗಿನ್ನೂ ಹೋಗಿಲ್ಲ.

ಹಾಗಂತ ಕೌಂಟರಿನಲ್ಲಿ ನಾನು ಸಕ್ಕರೆ ಮಾತಿನವಳೇನಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಆ ಪೂಜಾರಿ ನಾನೇ. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಈ ವರ್ಷ ನನ್ನ ಕೋಪಕ್ಕೆ ಹೆಚ್ಚು ಸಿಕ್ಕವರು ಒಬ್ಬ ಹೊಲಿಗೆಯಮ್ಮ.

ಅರವತ್ತೇಳು ವರ್ಷದ ಹೆಂಗಸು. ಕುತ್ತಿಗೆಯಲ್ಲಿ ಅಳತೆಪಟ್ಟಿ ಹಾಗೇ ನೇತಾಡುತ್ತಿತ್ತು, ಮರೆತು ಹಾಕಿಕೊಂಡೇ ಬರುತ್ತಿದ್ದರು. ಅವರು ಹುಟ್ಟಿದ ಊರು ದೇಶ ಹುಟ್ಟಿದಾಗ ಗಡಿಯ ಆಚೆ ಉಳಿಯಿತು. ಆರು ವರ್ಷದವರಿದ್ದಾಗ ತಾಯಿಯ ಜೊತೆ ಈಚೆ ಬಂದದ್ದು. ತಂಗಿ ಹುಟ್ಟಿದ್ದು ಈಚೆ. ಒಂದೇ ಹೊಟ್ಟೆಯ ಇಬ್ಬರಲ್ಲಿ ತಂಗಿ ಇಲ್ಲಿ ಹುಟ್ಟಿದ್ದಕ್ಕೇ ಈ ದೇಶದವಳಾದಳು, ಅಕ್ಕ ಅರ್ಜಿ ಹಾಕಬೇಕಾಯಿತು. ತಂಗಿ ಮದುವೆಯಾಗಿ ಸಮುದ್ರದಾಚೆ ಹೋದಳು. ಎರಡು ಸಲ ಬಂದು ಅಕ್ಕನನ್ನು ನೋಡಿದಳು. ಎರಡನೆಯ ಸಲ ಬಂದದ್ದು ಹತ್ತೊಂಬತ್ತು ವರ್ಷದ ಹಿಂದೆ. ಈಗ ಹಾಸಿಗೆ ಹಿಡಿದಿದ್ದಾಳೆ, ಡಾಕ್ಟರು ಇನ್ನು ಕೆಲವು ತಿಂಗಳು ಅಂದಿದ್ದಾರೆ. ಅವಳು ಹೋಗುವುದರೊಳಗೆ ಹೊಲಿಗೆಯಮ್ಮ ಹೋಗಿ ನೋಡಬೇಕು. ಅದಕ್ಕೊಂದು ಪಾಸ್‌ಪೋರ್ಟ್ ಬೇಕು.

ಕೊಡಲು ನಿಯಮವಿರಲಿಲ್ಲ. ದೇಶ ಸ್ವತಂತ್ರವಾದ ಮೂರು ವರ್ಷಕ್ಕೆ ಪ್ರಜೆಗಳ ಪಟ್ಟಿ ಮಾಡಿದರು. ಹೊರಗೆ ಹುಟ್ಟಿದವರು ಪಟ್ಟಿ ಮುಗಿಯುವ ತಿಂಗಳ ಕೊನೆಯ ದಿನ, ಅಂದರೆ ಮೂವತ್ತನೇ ತಾರೀಖಿನೊಳಗೆ ಅಂಚೆಯಲ್ಲಿ ಅರ್ಜಿ ಹಾಕಬೇಕು, ಲಕೋಟೆಯ ಮೇಲಿನ ಅಂಚೆ ಮುದ್ರೆಯ ದಿನವೇ ಅರ್ಜಿ ಕೊಟ್ಟ ದಿನ. ಹೊಲಿಗೆಯಮ್ಮನ ಲಕೋಟೆಯ ಮೇಲೆ ಮರುದಿನದ, ಅಂದರೆ ಒಂದನೇ ತಾರೀಖಿನ ಮುದ್ರೆ. “ಅವಧಿ ಮೀರಿದೆ” ಅಂತ ಕೆಂಪು ಚೀಟಿ ಹಚ್ಚಿ, ಸಾಕ್ಷಿಗಿರಲಿ ಅಂತ ಲಕೋಟೆಗೂ ಪಿನ್ನು ಹಾಕಿ ವಾಪಸು ಕಳಿಸಿದ್ದರು. ಆಮೇಲೆ ಕಾನೂನು ಮೂರು ಸಲ ಸಡಿಲವಾಯಿತು. ಅರ್ಜಿಯನ್ನೇ ಹಾಕದೆ ಮಲಗಿದ್ದವರೂ ಪ್ರಜೆಗಳಾದರು. ಆದರೆ ಒಮ್ಮೆ ತಿರಸ್ಕೃತರಾದವರಿಗೆ ಅದು ಅನ್ವಯಿಸಲಿಲ್ಲ. ಹೊಲಿಗೆಯಮ್ಮ ನಲವತ್ತೊಂದು ವರ್ಷದಿಂದ ಪ್ರತಿವರ್ಷ ಸಾಲಿನಲ್ಲಿ ನಿಂತು, ಇಲ್ಲಿರಲು ಅನುಮತಿ ಕೊಡುವ ಕಂದು ಕಾರ್ಡನ್ನು ನವೀಕರಿಸಿಕೊಳ್ಳುತ್ತಿದ್ದರು.

ನಾಲ್ಕನೇ ಸಲ ಬಂದಾಗ ಅದೇ ಲಕೋಟೆಯನ್ನು ಗಾಜಿನ ಕೆಳಗಿಂದ ತಳ್ಳಿದರು. “ನಾನು ಮೂವತ್ತನೇ ತಾರೀಖೇ ಹಾಕಿದ್ದು ಕಣಮ್ಮ. ಹನ್ನೊಂದು ಗಂಟೆ ಆಗಿತ್ತು.”

“ಎಲ್ಲರೂ ಹಾಗೇ ಹೇಳೋದು” ಅಂದೆ. “ಮುದ್ರೆ ಸುಳ್ಳು ಹೇಳುತ್ತಾ?”

ಅವರು ಲಕೋಟೆಯನ್ನು ಮಡಿಕೆ ಕೆಡದ ಹಾಗೆ ಪ್ಲಾಸ್ಟಿಕ್ ಚೀಲಕ್ಕೆ ಸೇರಿಸಿ ಹೊರಟುಹೋದರು.

ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಇದನ್ನೇ ಹೇಳಿ ಗೊಣಗಿದೆ. “ನಲವತ್ತೊಂದು ವರ್ಷ ಒಂದು ಲಕೋಟೆ ಇಟ್ಟುಕೊಂಡು ಜೀವ ತಿನ್ನುತ್ತಾರೆ ಅತ್ತೆ. ಒಂದನೇ ತಾರೀಖು ಅಂತ ಎದ್ದು ಕಾಣುತ್ತೆ, ಆದರೂ ಹಠ.”

ಅತ್ತೆಯ ಕೈ ತಟ್ಟೆಯ ಮೇಲೇ ನಿಂತಿತು. “ಯಾವ ಒಂದನೇ ತಾರೀಖು?”

“ಪ್ರಜೆಗಳ ಪಟ್ಟಿ ಮುಗಿದ ಮಾರನೇ ದಿನ.”

“ಯಾವ ಅಂಚೆ ಕಚೇರಿ ಮುದ್ರೆ?”

“ನಿನ್ನದೇ.”

ಅವಳು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಬಿಟ್ಟಳು. ಆಮೇಲೆ ಮೆಲ್ಲಗೆ ಅಂದಳು: “ಆ ಒಂದನೇ ತಾರೀಖು ನಾವು ಬಾಗಿಲೇ ತೆಗೆದಿರಲಿಲ್ಲ ಕಣೇ. ಪಟ್ಟಿ ಮುಗಿದ ಸಂತೋಷಕ್ಕೆ ಸರ್ಕಾರ ಹಿಂದಿನ ದಿನ ಮಧ್ಯಾಹ್ನ ರೇಡಿಯೋದಲ್ಲಿ ರಜೆ ಸಾರಿತ್ತು. ಇಡೀ ದೇಶದಲ್ಲಿ ಒಂದು ಕಾಗದಕ್ಕೂ ಮುದ್ರೆ ಬಿದ್ದಿಲ್ಲ.”

ಆ ಲಕೋಟೆಯನ್ನು ನಾಲ್ಕು ಸಲ ಕೈಯಲ್ಲಿ ಹಿಡಿದಿದ್ದೆ. ನನಗಿಂತ ಮೊದಲು ಎಷ್ಟು ಅಧಿಕಾರಿಗಳು ಹಿಡಿದಿದ್ದರೋ. ಎಲ್ಲರೂ ನೋಡಿದ್ದು ತಾರೀಖು ಮೂವತ್ತೋ ಒಂದೋ ಅಂತ ಮಾತ್ರ. ರಜೆಯ ದಿನ ಮುದ್ರೆ ಹೇಗೆ ಬಿತ್ತು ಅಂತ ಒಬ್ಬರೂ ಕೇಳಿರಲಿಲ್ಲ.

ತಟ್ಟೆ ಸರಿಸಿ ಅತ್ತೆ ಹೇಳುತ್ತಾ ಹೋದಳು. ಆಗ ಅವಳಿಗೆ ಇಪ್ಪತ್ತೆರಡು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಅಜ್ಜ ಕಾಯಿಲೆ ಬಿದ್ದಿದ್ದರು, ನಮ್ಮಪ್ಪ ಶಾಲೆಗೆ ಹೋಗುತ್ತಿದ್ದ, ಮನೆ ನಡೆಯುತ್ತಿದ್ದದ್ದು ಅವಳಿಂದ. ತಿಂಗಳು ಬದಲಾಗುವಾಗ ದಿನದ ಮೊಳೆ, ತಿಂಗಳ ಮೊಳೆ ಎರಡನ್ನೂ ಬದಲಿಸಬೇಕು, ಬೆಳಿಗ್ಗೆ ಹೊತ್ತು ಹಿಡಿಯುತ್ತದೆ. ಅದಕ್ಕೆ ಹಳೆಯ ಠಸ್ಸೆಯೊಂದನ್ನು ಮೇಜಿನ ಕೆಳಗೆ ಇಟ್ಟುಕೊಂಡು, ಹಿಂದಿನ ದಿನವೇ ಅದಕ್ಕೆ ನಾಳೆಯ ತಾರೀಖು ಕೂರಿಸಿಡುವುದು ಅಲ್ಲಿಯವರ ರೂಢಿ. ನಿಯಮಕ್ಕೆ ವಿರುದ್ಧ, ಆದರೆ ಎಲ್ಲರೂ ಮಾಡುತ್ತಿದ್ದರು. ಆ ಮೂವತ್ತನೇ ತಾರೀಖು ಅರ್ಜಿಯ ಲಕೋಟೆಗಳು ಮೂಟೆ ಮೂಟೆ ಬಂದವು. ಹನ್ನೊಂದರ ಹೊತ್ತಿಗೆ ಠಸ್ಸೆಯ ಮುಖಕ್ಕೆ ಅಂಟು, ಶಾಯಿ, ಕಾಗದದ ಚೂರು ಮೆತ್ತಿಕೊಂಡು ಅಂಕಿ ಮಸುಕಾಯಿತು. ಅದನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿ, ಮೇಜಿನ ಕೆಳಗೆ ಕೈಗೆ ಸಿಕ್ಕ ಠಸ್ಸೆಯನ್ನು ಎತ್ತಿಕೊಂಡಳು. ಅರ್ಧ ಗಂಟೆ ಹೊಡೆದಳು. ಕಣ್ಣು ಯಾವತ್ತಿನಂತೆ ಮುಂದಿನ ಲಕೋಟೆಯ ಮೇಲಿತ್ತು. ಆಮೇಲೆ ತೊಳೆದದ್ದನ್ನು ಮತ್ತೆ ಹಿಡಿದಳು.

“ಸಂಜೆ ಸಾಮಾನು ಎತ್ತಿಡೋವಾಗ ನೋಡಿದೆ. ನಾಳೆ ತಾರೀಖಿನ ಠಸ್ಸೆ ಮುಖದಲ್ಲಿ ಹಸಿ ಶಾಯಿ. ಅಷ್ಟು ಹೊತ್ತಿಗೆ ಚೀಲಗಳೆಲ್ಲ ಗಾಡಿ ಹತ್ತಿದ್ವು.”

“ಏನು ಮಾಡಿದೆ?”

“ಒರೆಸಿಬಿಟ್ಟೆ” ಅಂದಳು ಅತ್ತೆ. “ಒರೆಸಿ, ಸುಮ್ಮನಾದೆ. ಯಾರದೋ ಮಾಮೂಲಿ ಕಾಗದಕ್ಕೆ ಬಿದ್ದಿರುತ್ತೆ, ಒಂದು ದಿನ ಹೆಚ್ಚುಕಮ್ಮಿ ಯಾರಿಗೆ ಗೊತ್ತಾಗುತ್ತೆ ಅಂದುಕೊಂಡೆ. ಅಂದುಕೊಂಡೆ ಅಷ್ಟೇ, ನಂಬಲಿಲ್ಲ.”

ದಿನಾ ತಾರೀಖನ್ನು ಮೂರು ಸಲ ಓದುತ್ತಿದ್ದದ್ದು ಶ್ರದ್ಧೆ ಅಂತ ನಾವೆಲ್ಲ ತಿಳಿದಿದ್ದೆವು. ಹೆದರಿಕೆ ಅದು. ಮೂವತ್ತೆಂಟು ವರ್ಷ ಒಂದು ಬೆಳಿಗ್ಗೆಯೂ ಬಿಡದ ಹೆದರಿಕೆ. ನನಗೆ ಅವಳ ಮುಖ ನೋಡಲಾಗಲಿಲ್ಲ. ನಾನು ಆಗ ಆಡಿದ ಮಾತನ್ನೂ ಮುಚ್ಚಿಡುವುದಿಲ್ಲ: “ಅತ್ತೆ, ಈಗ ಇದನ್ನ ಕೆದಕಬೇಡ. ಪಿಂಚಣಿಗೆ ಕುತ್ತು ಬಂದೀತು” ಅಂದೆ. ಅವಳು ಕೈ ತೊಳೆದು ಬಂದು, “ಆ ಅಮ್ಮನ ಅಂಗಡಿ ಎಲ್ಲಿ?” ಅಂತ ಮಾತ್ರ ಕೇಳಿದಳು.

ಮಾರನೇ ದಿನ ಇಬ್ಬರೂ ಹೋದೆವು. ಮೆಟ್ಟಿಲ ಕೆಳಗಿನ ಒಂದು ಗೂಡು ಅದು. ಹೊಲಿಗೆ ಯಂತ್ರ, ಒಂದು ಬಲ್ಬು, ನೆಲದ ತುಂಬ ಬಣ್ಣಬಣ್ಣದ ಚಿಂದಿ. ನನ್ನನ್ನು ಕಂಡ ತಕ್ಷಣ ಹೊಲಿಗೆಯಮ್ಮ ಗಾಬರಿಯಾಗಿ ಎದ್ದು ನಿಂತರು. ನಾನು ಮನೆ ಬಾಗಿಲಿಗೆ ಬಂದರೆ ಜನ ಹೆದರುವಷ್ಟು ಹೆಸರು ಗಳಿಸಿದ್ದೇನೆ ಅಂತ ಅವತ್ತು ಗೊತ್ತಾಯಿತು.

ಅತ್ತೆ ಲಕೋಟೆ ಕೇಳಿ ಇಸಿದುಕೊಂಡಳು. ಬೆಳಕಿಗೆ ಹಿಡಿದು ನೋಡಿದಳು. “ಇದು ನನ್ನ ಏಟೇ. ನಾನು ಕೈಯನ್ನ ಎಡಕ್ಕೆ ವಾಲಿಸಿ ಹೊಡೀತೀನಿ” ಅಂದಳು. ಆಮೇಲೆ ನಿಂತುಕೊಂಡೇ, ಒಂದನ್ನೂ ಬಿಡದೆ ಎಲ್ಲ ಹೇಳಿದಳು. ಹಸಿ ಶಾಯಿ ಒರೆಸಿದ್ದನ್ನೂ ಹೇಳಿದಳು.

ಹೊಲಿಗೆಯಮ್ಮ ಬಹಳ ಹೊತ್ತು ಸೂಜಿಯ ಕಡೆಯೇ ನೋಡುತ್ತಿದ್ದರು. “ನಿಮಗೆ ಗೊತ್ತಿತ್ತಾ?”

“ತಪ್ಪು ಮಾಡಿದ್ದು ಗೊತ್ತಿತ್ತು. ಯಾರಿಗೆ ಅಂತ ಗೊತ್ತಿರಲಿಲ್ಲ.”

“ನನಗೂ ಅಷ್ಟೇ” ಅಂದರು ಹೊಲಿಗೆಯಮ್ಮ. “ನನ್ನದು ತಪ್ಪಿಲ್ಲ ಅಂತ ಗೊತ್ತಿತ್ತು. ಯಾರದು ಅಂತ ಗೊತ್ತಿರಲಿಲ್ಲ.” ಅಷ್ಟು ಹೇಳಿ ಕೂತು, ಅರ್ಧಕ್ಕೆ ಬಿಟ್ಟಿದ್ದ ತೋಳನ್ನು ಹೊಲಿಯತೊಡಗಿದರು. ನಾವು ಹೊರಗೆ ಬಂದೆವು.

ಅತ್ತೆ ನಮ್ಮ ಮೇಲಧಿಕಾರಿಗೆ ವಿಷಯ ತಿಳಿಸಿದಳು, ಹೊಲಿಗೆಯಮ್ಮನನ್ನೂ ಕರೆಸಿದರು. ವಿಚಾರಣೆ ನಮ್ಮ ಕಚೇರಿಯ ಮೂರನೇ ಮಹಡಿಯಲ್ಲಿ ನಡೆಯಿತು. ಮೇಲಧಿಕಾರಿ ಒಳ್ಳೆಯ ಮನುಷ್ಯ, ನನಗಿಂತ ನೂರು ಪಾಲು ಮೃದು. ಹಳೆಯ ಮುದ್ರೆ ಪುಸ್ತಕವನ್ನು ದಫ್ತರದ ಉಗ್ರಾಣದಿಂದ ತರಿಸಿದ್ದರು. ಹಾಳೆ ತಿರುಗಿಸಿದರು. ಮೂವತ್ತನೇ ತಾರೀಖಿನ ಮುದ್ರೆ, ಸಹಿ. ಅದರ ಕೆಳಗೆ ಖಾಲಿ ಜಾಗ, “ರಜೆ” ಅಂತ ಬರಹ, ಸಹಿ. ಅದರ ಕೆಳಗೆ ಎರಡನೇ ತಾರೀಖು. ಅವರು ಲಕೋಟೆಯನ್ನು ಆ ಖಾಲಿ ಜಾಗದ ಪಕ್ಕ ಇಟ್ಟು ನೋಡಿದರು.

ಆಮೇಲೆ ಅವರು ಅತ್ತೆಯನ್ನು ನೋಡಿ, ಅವಳಿಗೆ ಒಳ್ಳೆಯದಾಗಲಿ ಅಂತಲೇ ಒಂದು ದಾರಿ ತೋರಿಸಿದರು. “ನೋಡಿಯಮ್ಮ, ಸ್ಕ್ರೂ ಸಡಿಲಾಗಿ ಮೊಳೆ ಜಾರಿರಬಹುದು ಅಂತ ಒಂದು ಸಾಲು ಬರೆದುಕೊಡಿ. ಈ ಅಮ್ಮನವರ ಕೆಲಸ ಆಗುತ್ತೆ. ನಿಮ್ಮ ಮೇಲೂ ಏನೂ ಬರಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.”

ನನಗೆ ಹೋದ ಜೀವ ಬಂದ ಹಾಗಾಯಿತು. ಬರಿ ಅತ್ತೆ, ಬರಿ ಅಂತ ಒಳಗೊಳಗೇ ಕೂಗಿದೆ.

ಅತ್ತೆ ಪೆನ್ನು ಮುಟ್ಟಲಿಲ್ಲ. “ಸ್ಕ್ರೂ ಸಡಿಲ ಆದ್ರೆ ಒಂದು ಲಕೋಟೆ ಕೆಡುತ್ತೆ ಸಾರ್. ನಾನು ಅರ್ಧ ಗಂಟೆ ಹೊಡೆದಿದ್ದೀನಿ. ಹಾಗೆ ಬರೆದರೆ ಇವರೊಬ್ಬರು ಉಳೀತಾರೆ. ಮಿಕ್ಕವರು?”

“ಮಿಕ್ಕವರು ಅಂದರೆ ಎಷ್ಟು ಜನ ಇರಬಹುದು?”

“ನನ್ನ ಕೈ ಆಗ ನಿಮಿಷಕ್ಕೆ ನಲವತ್ತು.”

ಮೇಲಧಿಕಾರಿ ಮನಸ್ಸಿನಲ್ಲೇ ಗುಣಿಸಿದ್ದು ಅವರ ಮುಖದಲ್ಲಿ ಕಾಣಿಸಿತು. ಹೊಲಿಗೆಯಮ್ಮ ತಲೆ ಎತ್ತಿ ಮೊದಲ ಸಲ ಅತ್ತೆಯನ್ನು ನೆಟ್ಟಗೆ ನೋಡಿದರು. ಅತ್ತೆ ಹಾಳೆ ಎಳೆದುಕೊಂಡು ನಡೆದದ್ದನ್ನು ನಡೆದ ಹಾಗೆ ಬರೆದಳು. ಜೀವನದಲ್ಲಿ ನಾನು ದೊಡ್ಡ ದೊಡ್ಡವರ ಸಹಿಗಳನ್ನು ನೋಡಿದ್ದೇನೆ, ಮಂತ್ರಿಗಳದ್ದೂ ನೋಡಿದ್ದೇನೆ. ಅತ್ತೆ ಹಾಕಿದ ಆ ಸಹಿಯ ಮುಂದೆ ಎದ್ದು ನಿಲ್ಲಬೇಕು ಅನಿಸಿತು, ನಿಂತೂಬಿಟ್ಟೆ.

ತಿರಸ್ಕೃತರ ದಪ್ಪ ದಪ್ಪ ಪಟ್ಟಿಗಳನ್ನು ಇಳಿಸಿ ಹುಡುಕಿದೆವು. ಅತ್ತೆಯ ಅಂಚೆ ಕಚೇರಿಯ ಮುದ್ರೆ, ಒಂದನೇ ತಾರೀಖು: ಒಂಬೈನೂರ ಹದಿನೇಳು ಹೆಸರು. ಬಡಗಿ, ದಾದಿ, ಮೇಷ್ಟ್ರು, ಗಾಡಿ ಹೊಡೆಯುವವನು, ಎಂಟು ಮಕ್ಕಳ ತಾಯಿ. ಒಂದು ಇಡೀ ಊರೇ ಅರ್ಧ ಗಂಟೆಯಲ್ಲಿ ದೇಶದ ಹೊರಗೆ ಉಳಿದಿತ್ತು, ನಮ್ಮ ಬೀದಿಗಳಲ್ಲೇ ಓಡಾಡಿಕೊಂಡು. ಅವರಲ್ಲಿ ಬದುಕಿದ್ದವರು ಮುನ್ನೂರ ನಾಲ್ಕು ಜನ. ಸರ್ಕಾರ ಎಲ್ಲರನ್ನೂ, ತೀರಿಹೋದವರನ್ನೂ, ಆ ಮೂವತ್ತನೇ ತಾರೀಖಿನಿಂದಲೇ ಪ್ರಜೆಗಳು ಅಂತ ಒಪ್ಪಿತು. ತೀರಿಹೋದವರ ಮಕ್ಕಳು ಬಂದು ಆ ಆದೇಶವನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಹೋಗುತ್ತಿದ್ದರು. ಸತ್ತ ಮೇಲೂ ಮನುಷ್ಯನಿಗೆ ಒಂದು ದೇಶ ಬೇಕಾಗುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

ಅತ್ತೆಗೆ ಇಲಾಖೆಯಿಂದ ಎಚ್ಚರಿಕೆ ಪತ್ರ ಬಂತು. ನಿವೃತ್ತಳಾಗಿ ಮೂರು ವರ್ಷವಾದವಳಿಗೆ “ಮುಂದೆ ಹೀಗಾಗದಂತೆ ನೋಡಿಕೊಳ್ಳತಕ್ಕದ್ದು” ಅಂತ ಬರೆದಿದ್ದರು. ಪ್ರಶಸ್ತಿಪತ್ರವನ್ನೂ ವಾಪಸು ಕೇಳಿದರು. ಅವಳೇ ಸ್ಟೂಲು ಹತ್ತಿ ಇಳಿಸಿ, ಒರೆಸಿ, ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದಳು. ಅವತ್ತು ಎರಡು ಸಲ ಬಡಿಸಿಕೊಂಡು ಊಟ ಮಾಡಿದಳು.

ಹೊಲಿಗೆಯಮ್ಮನ ಕಡತವನ್ನು ಎಲ್ಲಕ್ಕಿಂತ ಮೊದಲು ಮುಗಿಸಿದೆವು. ಇಪ್ಪತ್ತಮೂರನೇ ದಿನ ಪಾಸ್‌ಪೋರ್ಟ್ ಬಂತು. ಅಂದು ಅವರು ಅಳತೆಪಟ್ಟಿ ತೆಗೆದಿಟ್ಟು ಬಂದಿದ್ದರು. ಅತ್ತೆ ಕಂಬದ ಪಕ್ಕ ನಿಂತಿದ್ದಳು, ಹತ್ತಿರ ಬರಲಿಲ್ಲ. ನಾನು ಪುಸ್ತಕ ಕೊಟ್ಟಾಗ ಹೊಲಿಗೆಯಮ್ಮ ಮೊದಲು ಫೋಟೋ ನೋಡಲಿಲ್ಲ, ಹೆಸರು ನೋಡಲಿಲ್ಲ. ನಡುಹಾಳೆ ಬಿಡಿಸಿ ಬೆನ್ನಿನ ದಾರದ ಮೇಲೆ ಉಗುರು ಎಳೆದರು. “ಹೊಲಿಗೆ ಗಟ್ಟಿಯಾಗಿದೆ” ಅಂದರು. ಹದಿನಾರು ವರ್ಷ ಈ ಪುಸ್ತಕ ಕೊಟ್ಟವಳು ನಾನು, ಇದನ್ನು ಹೊಲಿದಿರುತ್ತಾರೆ ಅಂತಲೇ ಗಮನಿಸಿರಲಿಲ್ಲ.

ಹೋಗುವಾಗ ಕಂಬದ ಹತ್ತಿರ ನಿಂತರು. ಅತ್ತೆ ಕೈ ಮುಗಿದಳು.

“ನಿಮ್ಮ ತಪ್ಪನ್ನ ಹೊಟ್ಟೆಗೆ ಹಾಕಿಕೊಳ್ಳೋಕೆ ನನಗೀಗ ಪುರುಸೊತ್ತಿಲ್ಲಮ್ಮ” ಅಂದರು ಹೊಲಿಗೆಯಮ್ಮ. “ಮೊದಲು ತಂಗೀನ ನೋಡಬೇಕು.”

“ಹೋಗಿ ಬನ್ನಿ” ಅಂದಳು ಅತ್ತೆ.

ಆಮೇಲಿನ ದಿನಗಳಲ್ಲಿ ಅತ್ತೆ ಯಾರ ಹತ್ತಿರವೂ ಏನೂ ಕೇಳಲಿಲ್ಲ. ಆದರೆ ಫೋನು ಹೊಡೆದುಕೊಂಡರೆ ಎಲ್ಲಿದ್ದರೂ ಎದ್ದು ನಿಲ್ಲುತ್ತಿದ್ದಳು. ಅಕ್ಕ ಮುಟ್ಟುವುದರೊಳಗೆ ತಂಗಿ ಹೋಗಿಬಿಟ್ಟಿದ್ದರೆ ಅನ್ನುವ ಪ್ರಶ್ನೆ ನಮ್ಮಿಬ್ಬರ ನಡುವೆ ಬಿಸಿತುಪ್ಪದ ಹಾಗೆ ಇತ್ತು, ನುಂಗಲೂ ಆಗದು, ಉಗುಳಲೂ ಆಗದು. ಫೋನು ಬರಲಿಲ್ಲ. ಐದನೇ ವಾರ ಸಮುದ್ರದಾಚೆಯಿಂದ ಅತ್ತೆಯ ಹೆಸರಿಗೆ ಒಂದು ಕಾಗದ ಬಂತು. ಅವಳು ಅದನ್ನು ನನ್ನ ಕೈಗೆ ಕೊಟ್ಟು, “ನೀನೇ ಓದು, ನನ್ನ ಕೈಲಿ ಆಗಲ್ಲ” ಅಂದಳು.

ಚಿಕ್ಕ ಕಾಗದ. ಹೊಲಿಗೆಯಮ್ಮ ಹೀಗೆ ಬರೆದಿದ್ದರು:

“ತಂಗಿ ಬದುಕಿದ್ದಾಳೆ. ದಿನಾ ಅವಳ ತಲೆ ಬಾಚುತ್ತೇನೆ. ನನ್ನನ್ನು ನೋಡಿದ ಕೂಡಲೇ ಅವಳು ಕೇಳಿದ್ದು ಒಂದೇ ಮಾತು: ಅಕ್ಕಾ, ಯಾಕೆ ಇಷ್ಟು ತಡ ಮಾಡಿದೆ? ನಾನು ನಿಮ್ಮ ವಿಷಯ ಹೇಳಲಿಲ್ಲ. ಅಂಚೆಯಲ್ಲಿ ಒಂದು ದಿನ ತಡ ಆಯಿತು ಕಣೇ ಅಂದೆ. ಅವಳು ನಕ್ಕಳು. ನಾನೂ ನಕ್ಕೆ.”

ಅತ್ತೆ ಗೋಡೆಗೆ ಒರಗಿ ನೆಲದ ಮೇಲೆ ಕೂತುಬಿಟ್ಟಳು. ಅವಳು ಅಳುವುದನ್ನು ನಾನು ಅದುವರೆಗೂ ನೋಡಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, “ಇನ್ನೊಂದು ಸಲ ಓದು” ಅಂದಳು. ನಾನು ಪಕ್ಕದಲ್ಲಿ ಕೂತು ಮತ್ತೆ ಮೊದಲಿನಿಂದ ಓದಿದೆ.